ಏಂಜಲ್ ಮೀನಿಗೊಂದು ನೋಂಬು

ಮೀನಿಗೆ ಮಾತು ಬರುವುದಿಲ್ಲ. ಹಾಗಾಗಿ ಮಾತಿನಿಂದ ಆಗುವ ಎಡವಟ್ಟುಗಳನ್ನೆಲ್ಲ ಅದರ ಪರವಾಗಿ ಮೀನಿನ ಡಾಕ್ಟರೇ ಮಾಡಬೇಕಾಗುತ್ತದೆ. ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು ನಾನು. ಹುಟ್ಟಿದ ಮೇಲೆ ಒಂದು ಮೀನನ್ನೂ ತಿಂದವಳಲ್ಲ. ಅರವತ್ತರ ದಶಕದಲ್ಲಿ ಮೊದಲು ಕೊಚ್ಚಿ, ಆಮೇಲೆ ತಿರುವನಂತಪುರದಲ್ಲಿ, ಕಡಲಮೀನು ಸಾಕುವ ಗಾಜಿನ ತೊಟ್ಟಿಗಳ ಸರ್ಕಾರಿ ಕೆಲಸಕ್ಕೆ ಸೇರಿದೆ. ಮೀನಿನ ಮೈಗೆ ಹತ್ತುವ ಹುಳಹುಪ್ಪಟೆ ಬಿಡಿಸುವುದು ನನ್ನ ಪಾಲಿನ ಕೆಲಸ. ವಾರಕ್ಕೊಂದಾದರೂ ನಗೆಪಾಟಲು ತಪ್ಪುತ್ತಿರಲಿಲ್ಲ.

ಬೆಲ್ಲ

ಕೊಚ್ಚಿಗೆ ಹೋದ ಮೂರನೇ ವಾರ. ಒಂದು ಮೀನಿಗೆ ಚಪ್ಪಟೆ ಹುಳು ಅಂಟಿಕೊಂಡು, ಅದು ಕಲ್ಲಿಗೆ ಮೈ ಉಜ್ಜುತ್ತಿತ್ತು. ಏನು ಮಾಡಲಿ ಎಂದು ಕೇಳಿದರೆ, ನಮ್ಮ ಹಿರಿಯ ಸಹಾಯಕರು ದೋಣಿ ಹತ್ತುವ ಅವಸರದಲ್ಲಿ ಮಲಯಾಳದಲ್ಲೇ ಕೂಗಿದರು: "ನಲ್ಲ ವೆಳ್ಳತ್ತಿಲ್ ಮುಕ್ಕಿಯಾಲ್ ಮತಿ! ಅಞ್ಚು ಮಿನಿಟ್!"

ಅಷ್ಟರಲ್ಲಾಗಲೇ ನನಗೆ ಮಲಯಾಳ ಬರುತ್ತದೆ ಎಂಬ ಜಂಬ ಬಂದಿತ್ತು. ನಮ್ಮ 'ಬ' ಅಲ್ಲಿ 'ವ' ಆಗುತ್ತದೆ. ಬಾ ಎನ್ನುವುದು ವಾ, ಬೇಕು ಎನ್ನುವುದು ವೇಣಂ. ಅಂದಮೇಲೆ ವೆಳ್ಳ ಎಂದರೆ ಬೆಲ್ಲ. ಮುಕ್ಕುವುದಂತೂ ನಮ್ಮದೇ ಪದ. ಒಳ್ಳೆ ಬೆಲ್ಲ ಮುಕ್ಕಿಸಿದರೆ ಸಾಕು, ಐದು ನಿಮಿಷ!

ಅಂಗಡಿಗೆ ಓಡಿ ಬೆಲ್ಲ ತಂದು, ತುರಿದು, ಗಡಿಯಾರ ನೋಡಿಕೊಂಡು ಐದು ನಿಮಿಷ ಚಿಟಿಕೆ ಚಿಟಿಕೆಯಾಗಿ ತೊಟ್ಟಿಗೆ ಉದುರಿಸಿದೆ. ಮೀನು ಒಂದು ಚೂರು ಬಾಯಿಗೆ ಹಾಕಿಕೊಂಡು ಉಗಿಯಿತು. ಮರಳಿ ಬಂದ ಸಹಾಯಕರು ಕಂದು ಬಣ್ಣಕ್ಕೆ ತಿರುಗಿದ ನೀರು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ವೆಳ್ಳಂ ಎಂದರೆ ನೀರಂತೆ, ಮುಕ್ಕುವುದು ಎಂದರೆ ಅದ್ದುವುದಂತೆ. ಉಪ್ಪುನೀರಿನ ಮೀನನ್ನು ಐದು ನಿಮಿಷ ಸಿಹಿನೀರಿನಲ್ಲಿ ಅದ್ದಿದರೆ ಮೀನು ತಡೆದುಕೊಳ್ಳುತ್ತದೆ, ಹುಳು ತಡೆಯಲಾರದೆ ಉದುರುತ್ತದೆ. ಕನ್ನಡದ ಲೆಕ್ಕದಲ್ಲಿ ನಾನು ಮಾಡಿದ್ದೂ ಸಿಹಿನೀರೇ, ಆದರೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. ಕಣ್ಣು ತುಂಬಿಕೊಂಡಿತು.

ಪಾಪ, ಅವರೇ ನೀರು ಬದಲಿಸಲು ಬಕೆಟ್ ಎತ್ತಿಕೊಂಡರು. "ಅಳಬೇಡಿ. ಪಾಯಸ ಮುಕ್ಕಾಲು ಪಾಲು ಆಗಿದೆ, ತೆಂಗಿನಹಾಲು ಒಂದೇ ಬಾಕಿ."

ಉಳ್ಳೂರಿನ ರೋಗಿ

ತಿರುವನಂತಪುರಕ್ಕೆ ವರ್ಗವಾದಾಗ ಉಳ್ಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದೆ. ಪಕ್ಕದಲ್ಲೇ ಮೆಡಿಕಲ್ ಕಾಲೇಜು. ನಮ್ಮ ಮನೆಯೊಡತಿ ನನ್ನನ್ನು ಬೀದಿಗೆಲ್ಲ 'ಡಾಕ್ಟರ್' ಎಂದು ಸಾರಿಬಿಟ್ಟಿದ್ದರು. ಒಂದು ಬೆಳಗ್ಗೆ ಎದುರುಮನೆಯ ಅಜ್ಜಿ ಬಂದು, ಮನೆಯಲ್ಲಿ ಹುಷಾರಿಲ್ಲ ಎಂದರು. ಅವರ ಜಗಲಿಯಲ್ಲಿ ಮೀನಿನ ಬೋಗುಣಿ ಇದ್ದದ್ದನ್ನು ನಾನು ನೋಡಿದ್ದೆ. ಮಲಯಾಳದ ಕ್ರಿಯಾಪದಕ್ಕೋ ಅವನು, ಅವಳು, ಅದು ಎಂಬ ಭೇದವೇ ಇಲ್ಲ. ನಾನು ಎಲ್ಲವನ್ನೂ 'ಅದು' ಎಂದೇ ಕೇಳಿಸಿಕೊಂಡೆ.

"ಸಿಕ್ಕಿದ್ದಕ್ಕೆಲ್ಲ ಮೈ ಉಜ್ಜುತ್ತಾ?"

"ಉಜ್ಜುತ್ತೆ."

"ಮೂಲೆ ಹಿಡಿದು ಅಲ್ಲಾಡದೆ ಇರುತ್ತಾ?"

"ಬೆಳಗ್ಗಿಂದ ಸಂಜೆವರೆಗೂ."

"ಹಾಕಿದ್ದನ್ನ ಬಾಯಿಗಿಟ್ಟು ಉಗಿಯುತ್ತಾ?"

"ಹೌದು ಮತ್ತೆ! ಉಗಿದು, ಉಪ್ಪು ಸಾಲದು ಅಂತ ಬೈಯುತ್ತೆ."

ಆಗ ಹೊಳೆಯಿತು, ರೋಗಿ ಅಜ್ಜಿಯ ಯಜಮಾನರು, ನಿವೃತ್ತ ಹೆಡ್‌ಮಾಸ್ಟರು. ನಾಚಿಕೆಯಿಂದ ಕುಗ್ಗಿ, ನಾನು ಬರೀ ಮೀನಿನ ಡಾಕ್ಟರು ಎಂದು ಒಪ್ಪಿಕೊಂಡೆ. ಅಜ್ಜಿ ಬೇಸರಪಡಲಿಲ್ಲ. "ಇರಲಿ, ಇಂಥ ಮೀನಿಗೆ ನೀವೇನು ಮಾಡ್ತೀರಿ?"

"ಬೇರೆ ತೊಟ್ಟಿಯಲ್ಲಿ ಹದಿನಾಲ್ಕು ದಿನ ಒಂದನ್ನೇ ಇಡ್ತೀವಿ."

ಅಜ್ಜಿ ನಿಟ್ಟುಸಿರು ಬಿಟ್ಟರು. "ಮದುವೆಯಾದ ಹೊಸತರಲ್ಲೇ ನಿಮ್ಮ ಪರಿಚಯ ಆಗಬೇಕಿತ್ತು."

ನೋಂಬು

ಅಲ್ಲಿ ತೊಟ್ಟಿ ನೋಡಿಕೊಳ್ಳಲು ನನ್ನ ಜೊತೆಗಿದ್ದವರು ವಿಳಿಂಜದ ಒಬ್ಬ ಹಳೆಯ ಮೀನುಗಾರರು. ಎಲ್ಲರೂ ಅವರನ್ನು ಚೇಟ್ಟ ಎನ್ನುತ್ತಿದ್ದರು, ಅಂದರೆ ಅಣ್ಣ. ಅವರೇ ಬಂಡೆಗಳ ನಡುವೆ ಮುಳುಗಿ, ಒಂದು ಹುರುಪೆಯೂ ಕೀಳದಂತೆ ಹಿಡಿದು ತಂದಿದ್ದ ನೀಲಿ ಏಂಜಲ್ ಮೀನೊಂದಿತ್ತು. ದಿನಾ ಬೆಳಗ್ಗೆ ಬಂದ ಕೂಡಲೇ ಅದರೊಡನೆ ಮಾತು. ಆ ಮೀನು ಕಾಯಿಲೆ ಬಿತ್ತು. ತಿನ್ನುವುದು ಬಿಟ್ಟು, ಏದುಸಿರು ಬಿಡತೊಡಗಿತು. ಮೈಮೇಲೆ ನಾಲ್ಕಾರು ಬಿಳಿ ಚುಕ್ಕೆ ಕಂಡದ್ದೇ ತಡ, ನಾನು ಬಿಳಿಚುಕ್ಕೆ ರೋಗ ಎಂದು ತೀರ್ಮಾನಿಸಿ, ಅಳೆದು ತೂಗಿ ಮೈಲುತುತ್ತದ ನೀರು ಬೆರೆಸಿದೆ. ವಾಸಿಯಾಗಲಿಲ್ಲ. ಮತ್ತೊಮ್ಮೆ ಬೆರೆಸಿದೆ. ಊಹೂಂ.

ಚೇಟ್ಟ ಇಗರ್ಜಿಗೆ ಹೋಗಿ ಹರಕೆ ಹೊತ್ತು ಬಂದರು. ಅದು ವಾಸಿಯಾಗುವ ತನಕ ತಾನು ಮೀನು ಮುಟ್ಟುವುದಿಲ್ಲ, ಇದು ನೋಂಬು, ನಮ್ಮ ವ್ರತದ ಹಾಗೆ. ಮೂರು ವಾರ ಬರೀ ಬೇಯಿಸಿದ ಮರಗೆಣಸು, ಮೆಣಸಿನ ಚಟ್ನಿ. ಮನುಷ್ಯ ಮೀನಿನ ಜೊತೆ ಪೈಪೋಟಿಗೆ ಬಿದ್ದವರಂತೆ ಸೊರಗುತ್ತಿದ್ದರು. ಆ ಮೀನು ಬದುಕುವುದಿಲ್ಲ ಎಂದು ನಾನು ಒಳಗೊಳಗೇ ಕೈಬಿಟ್ಟಿದ್ದೆ. ಅದನ್ನು ಅವರಿಗೆ ಹೇಳಲು ಬಾಯಿ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವರ ಹೆಂಡತಿ ಬಂದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವ ಹೆಂಗಸು. ಖಾಲಿ ಬುಟ್ಟಿಯನ್ನು ನನ್ನ ಮೇಜಿನ ಮೇಲೇ ಕುಕ್ಕಿದರು.

"ಡಾಕ್ಟರ್ ಮೋಳೇ, ಮೀನು ಮಾರೋಳ ಗಂಡನೇ ಮೀನು ತಿನ್ನಲ್ಲ ಅಂದ್ರೆ ಊರಿನವರು ನನ್ನ ಬುಟ್ಟಿ ಮುಟ್ತಾರಾ? ಮಗಳೇ ಅಂತ ಕೈಮುಗೀತೀನಿ, ಒಂದೋ ವಾಸಿ ಮಾಡು, ಇಲ್ಲಾ ಅದು ಸಾಯಲಿ ಬಿಡು."

"ಸಾಯಲಿ ಅನ್ನಬೇಡ್ವೇ!" ಚೇಟ್ಟ ತೊಟ್ಟಿಯ ಬಳಿಯಿಂದ ಕೂಗಿದರು.

"ಎಲ್ಲಿ, ತೋರಿಸಿ ನಿಮ್ಮ ರಾಜಕುಮಾರೀನ."

ಬೇಡ ಎನ್ನುವಷ್ಟರಲ್ಲಿ ಅವರ ಕೈ ತೊಟ್ಟಿಯೊಳಗಿತ್ತು. ಮೀನನ್ನು ಹಿಡಿದೆತ್ತಿ, ಗಿರಾಕಿಗೆ ತೋರಿಸುವ ರೀತಿಯಲ್ಲೇ ಹೆಬ್ಬೆರಳಿನಿಂದ ಕಿವಿರು ಬಿಡಿಸಿದರು. "ನೋಡು, ಕಿವಿರು ಬೆಳ್ಳಗೆ! ಕಾಯಿಲೆ ಇಲ್ಲಿ ಒಳಗಿದೆ, ನೀನು ಮೈಗೆ ಮದ್ದು ಹಾಕ್ತಿದ್ದೀಯ. ಇಂಥದ್ದನ್ನ ನಾನು ಮಾರಿದ್ರೆ ಮುಖಕ್ಕೆ ಎಸೀತಾರೆ."

ಕಿವಿರಿನ ಲೋಳೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಚಪ್ಪಟೆ ಹುಳುಗಳ ಸಂತೆಯೇ ನೆರೆದಿತ್ತು. ಆ ಹುಳುವಿಗೆ ನನ್ನ ಮೈಲುತುತ್ತ ಲೆಕ್ಕಕ್ಕೇ ಇಲ್ಲ. ನನ್ನ ಡಿಗ್ರಿಯನ್ನು ಆ ಬುಟ್ಟಿಯಲ್ಲಿ ಹಾಕಿ ಕಳಿಸಿಬಿಡೋಣ ಎನ್ನಿಸಿತು.

ದಿನ ಬಿಟ್ಟು ದಿನ ಮೂರು ಸಲ ಸಿಹಿನೀರಿನಲ್ಲಿ ಅದ್ದಿದೆವು. ಬಕೆಟ್ಟಿನ ತಳಕ್ಕೆ ಬಿಳಿ ಚೂರುಗಳು ಉದುರಿದವು. ಮೊದಲ ಸಲ ಚೇಟ್ಟನೂ ಉಸಿರು ಬಿಗಿಹಿಡಿದು ನಿಂತು, ಕೊನೆಗೆ ನಾನೇ ಅವರ ಬೆನ್ನು ತಟ್ಟಬೇಕಾಯಿತು. ಹತ್ತನೇ ದಿನ ಮೀನು ಅವರ ಬೆರಳಿನಿಂದ ಸಿಗಡಿ ಚೂರು ಕಚ್ಚಿಕೊಂಡಿತು. ನಾನು ಅತ್ತೆ.

ಮರುದಿನ ಚೇಚ್ಚಿ, ಅಂದರೆ ಅಕ್ಕ, ಅವರ ಹೆಂಡತಿಯನ್ನು ಹಾಗೇ ಕರೆಯತೊಡಗಿದ್ದೆ, ಮಣ್ಣಿನ ಚಟ್ಟಿ ತುಂಬ ಮೀನಿನ ಸಾರು, ಎಲೆಯಲ್ಲಿ ಮರಗೆಣಸು ತಂದರು. "ನೋಂಬು ಮುಗೀತು. ನನ್ನ ಕಣ್ಣೆದುರಿಗೇ ತಿನ್ನಿ."

ಚೇಟ್ಟ ಚಟ್ಟಿ ನೋಡಿದರು, ತೊಟ್ಟಿ ನೋಡಿದರು. ಮೀನು ಗಾಜಿಗೆ ಮೂತಿಯೊತ್ತಿ ಇತ್ತಲೇ ನೋಡುತ್ತಿತ್ತು. ಅವರು ಮೊಳೆಯಲ್ಲಿದ್ದ ನನ್ನ ಬಿಳಿ ಕೋಟು ತೆಗೆದು ಗಾಜಿಗೆ ಪರದೆ ಕಟ್ಟಿದರು. ಮೇಲಿನಿಂದ ಒಂದು ಸಿಗಡಿ ಚೂರು ಹಾಕಿ, "ಉಂಡೆಯಾ ಮೋಳೇ?" ಎಂದು ಅದನ್ನು ವಿಚಾರಿಸಿದರು. ಆಮೇಲೆ ಬೆನ್ನು ತಿರುಗಿಸಿ ಕೂತು, ತಿಂಗಳ ಹಸಿವನ್ನೆಲ್ಲ ಒಟ್ಟಿಗೆ ತೀರಿಸಿಕೊಂಡರು.

ಚೇಚ್ಚಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದರು. "ಕೇಳಿದ್ಯಾ ಡಾಕ್ಟರ್ ಮೋಳೇ? ಮದುವೆಯಾಗಿ ನಲವತ್ತು ವರ್ಷ. ಒಂದೇ ಒಂದು ದಿನ ನನ್ನನ್ನ ನೀನು ಉಂಡೆಯಾ ಅಂತ ಕೇಳಿಲ್ಲ. ಮೀನನ್ನ ಕೇಳ್ತಾರೆ!" ತಮಾಷೆಗೆಂದು ಶುರು ಮಾಡಿದ ಮಾತು ಮುಗಿಯುವಷ್ಟರಲ್ಲಿ ಅವರ ಕಣ್ಣು ಒದ್ದೆಯಾಗಿತ್ತು.

ಚಟ್ಟಿ ಬಳಿಯುತ್ತಿದ್ದ ಚೇಟ್ಟನ ಕೈ ನಿಂತಿತು. ಈಚೆ ತಿರುಗಿ, ಮದುಮಗನ ಸಂಕೋಚದಲ್ಲಿ ಕೇಳಿದರು: "ನೀನು... ಉಂಡೆಯಾ?"

ಚೇಚ್ಚಿ ಹತ್ತಿರ ಬಂದು ಚಟ್ಟಿಯೊಳಗೆ ಬಗ್ಗಿ ನೋಡಿದರು. ತಳದಲ್ಲಿ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು, ಅಷ್ಟೆ. ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಕೇಳೋದನ್ನ ಮೀನು ಕಲಿಸಿತು. ಯಾವಾಗ ಕೇಳಬೇಕು ಅನ್ನೋದನ್ನ ನೀನು ಕಲಿಸು ಡಾಕ್ಟರ್ ಮೋಳೇ."