ಭಾವನ ಹಳದಿ ವಾಯುಪಡೆ

ನಮ್ಮ ಭಾವ ಒಂದು ವಾಯುಪಡೆಯ ಮುಖ್ಯಸ್ಥರು. ನಗಬೇಡಿ! ಹನ್ನೊಂದು ವಿಮಾನಗಳಿವೆ, ಎಲ್ಲವೂ ಮಂಚುಕುವೊ ಎಂಬ ದೇಶದ ವಿಮಾನಗಳ ಪ್ಲಾಸ್ಟಿಕ್ ಮಾದರಿಗಳು. ವಾಯುನೆಲೆ ಐರ್ಲೆಂಡಿನ ಡ್ರೋಹೆಡಾ ಊರಿನ ಬಾಡಿಗೆ ಮನೆಯ ಸಣ್ಣ ಕೋಣೆ. ವೃತ್ತಿಯಲ್ಲಿ ಅರಿವಳಿಕೆ ಡಾಕ್ಟರು. ಆಸ್ಪತ್ರೆಯಲ್ಲಿ ರೋಗಿಗಳಿಗೆ ಮಂಪರು ಬರಿಸುತ್ತಾರೆ, ರಜೆಯ ದಿನ ಮಂಚುಕುವೊ ಕಥೆ ಹೇಳಿ ನೆಂಟರಿಗೆ!

ಅದೆಲ್ಲಿಯ ದೇಶ ಅಂತೀರಾ? ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಜಪಾನು ಚೀನಾದ ಒಂದು ಮೂಲೆಯನ್ನು ಹಿಡಿದು, ಅಲ್ಲೊಬ್ಬ ಚಕ್ರವರ್ತಿಯನ್ನು ಕೂರಿಸಿ ನಡೆಸಿದ ಕೈಗೊಂಬೆ ರಾಜ್ಯ. ವಿಮಾನ ಜಪಾನಿನದು, ಕಲಿಸುವವರು ಜಪಾನಿನವರು. ಟಿಕೆಟ್ ಕೊಂಡು ಹತ್ತುವ ವಿಮಾನಗಳನ್ನೂ ಬೇಕೆಂದಾಗ ಸೈನ್ಯಕ್ಕೆ ದುಡಿಸುತ್ತಿದ್ದರಂತೆ. ಸ್ವಂತದ್ದು ಅಂತ ಇದ್ದದ್ದು ರೆಕ್ಕೆಯ ಮೇಲಿನ ದುಂಡನೆಯ ಗುರುತೊಂದೇ. ಅದರಲ್ಲಿ ಹಳದಿಯದೇ ದರ್ಬಾರು.

"ಬೇರೆ ವಿಮಾನ ಸಿಗ್ಲಿಲ್ವಾ ಭಾವ?" ಎಂದು ಕೇಳಿ ಒಮ್ಮೆ ಕೆಟ್ಟೆ.

"ಗೆದ್ದೋರ ವಿಮಾನ ಎಲ್ರೂ ಮಾಡ್ತಾರೆ ಕಣಯ್ಯ. ಇವ್ರನ್ನ ಕೇಳೋರು ಯಾರು?"

ಪಕ್ಕದ ಮನೆಯ ಐರಿಶ್ ಅಜ್ಜ ಚಹಾಕ್ಕೆಂದು ಬಂದವರು ಒಂದು ಗಂಟೆ ಈ ಕಥೆ ಕೇಳಿದರು. ಹದಿನೈದು ಸಲ "ಗ್ರ್ಯಾಂಡ್" ಎಂದರು, ಅಂದರೆ ಇಲ್ಲಿಯವರ ಬಾಯಲ್ಲಿ ಬರೀ "ಸರಿ, ಸರಿ". ಆಮೇಲಿಂದ ಬೇಲಿಯಾಚೆಯಿಂದಲೇ ಕೈ ಬೀಸುತ್ತಾರೆ, ಪಾಪ.

ವರ್ಷಕ್ಕೊಮ್ಮೆ ಊರಿನ ಹಾಲ್‌ನಲ್ಲಿ ಇಂಥ ಮಾದರಿಗಳ ಸ್ಪರ್ಧೆ ನಡೆಯುತ್ತದೆ. ಹೋದ ಸಲ ಒಂದೇ ಒಂದು ಗುರುತಿನ ಬಣ್ಣ ತಪ್ಪಿ ಭಾವನ ಬಹುಮಾನ ಹೋಯಿತು. ವರ್ಷವಿಡೀ ಅದೇ ಕೊರಗು. ಹಳೇ ಗುರುತುಗಳನ್ನೆಲ್ಲ ಕೆರೆದು ಹೊಸದಾಗಿ ಬರೆಯಲು ಕೂತರು. ಆದರೆ ಅಂಗಡಿಯ ಯಾವ ಹಳದಿಯೂ ಅವರಿಗೆ ಒಪ್ಪಿಗೆಯಿಲ್ಲ. ಕೊನೆಗೆ ಮೈಸೂರಿನಿಂದ ಬಂದ ಅರಿಶಿನವನ್ನು ಅಂಟಿನಲ್ಲಿ ಕಲಸಿದರು!

"ರೀ, ಸಾರಿಗೆ ಹಾಕೋ ಅರಿಶಿನ ಅದು!" ಎಂದು ಅಕ್ಕ ಕೂಗಿದಳು.

"ಒಂದು ವಾರ ಅರಿಶಿನ ಇಲ್ದೆ ಸಾರು ಮಾಡೇ, ಏನಾಗಲ್ಲ," ಎಂದರು ಭಾವ.

ನಿಜ ಹೇಳಬೇಕೆಂದರೆ, ಬಣ್ಣ ಅದ್ಭುತವಾಗಿ ಬಂದಿತ್ತು. ಶನಿವಾರ ಸ್ಪರ್ಧೆ. ಶುಕ್ರವಾರ ಮಧ್ಯಾಹ್ನ ನಾನು ಸಿಟಿವೆಸ್ಟ್ ಎಂಬಲ್ಲಿನ ನನ್ನ ಆಫೀಸಿನಿಂದ ಬೇಗ ಹೊರಟು ಅವರ ಮನೆಗೆ ಬಂದೆ. ಬಾಗಿಲು ತೆರೆದ ಅಕ್ಕನ ಮುಖದಲ್ಲಿ ರಕ್ತವಿಲ್ಲ. ಒಂಬತ್ತು ವರ್ಷದ ಮಗಳು, ನಮ್ಮ ಪುಟ್ಟಿ, ಅಪ್ಪನಿಗೆ ಸಹಾಯವಾಗಲಿ ಎಂದು ಹನ್ನೊಂದೂ ವಿಮಾನಗಳನ್ನು ಮೈಸೋಪು ಹಚ್ಚಿ ಮೃದುವಾಗಿ ಒರೆಸಿದ್ದಾಳೆ. ಅರಿಶಿನಕ್ಕೆ ಸೋಪು ಸೋಕಿದರೆ ಏನಾಗುತ್ತದೆಂದು ನಮ್ಮ ಯಾವ ಹೆಂಗಸರನ್ನಾದರೂ ಕೇಳಿ. ಹಳದಿಯೆಲ್ಲ ಕೆಂಪು! ರೆಕ್ಕೆ ರೆಕ್ಕೆಯ ಮೇಲೂ ಜಪಾನಿನ ಕೆಂಪು ಸೂರ್ಯ. ಇಡೀ ವಾಯುಪಡೆ ಒಂದೇ ಮಧ್ಯಾಹ್ನದಲ್ಲಿ ಪಕ್ಷಾಂತರ ಮಾಡಿತ್ತು.

ನಗು ಬಂತು. ಆದರೆ ಸೋಫಾದ ಹಿಂದೆ ಮುದುಡಿ ಕೂತಿದ್ದ ಮಗುವನ್ನು ನೋಡಿ ನುಂಗಿಕೊಂಡೆ. ತಮ್ಮ ವಿಮಾನಗಳ ಮೇಲೆ ಯಾರಾದರೂ ಉಸಿರು ಬಿಟ್ಟರೂ ರೇಗುವ ಮನುಷ್ಯ ಭಾವ. ಇವತ್ತು ಈ ಮಗುವಿನ ಗತಿಯೇನು?

ಡ್ಯೂಟಿ ಮುಗಿಸಿ ಬಂದ ಭಾವ ಕೋಣೆಯ ಬಾಗಿಲಲ್ಲೇ ನಿಂತರು. ಒಂದೊಂದಾಗಿ ಹನ್ನೊಂದನ್ನೂ ನೋಡಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಸೋಫಾದ ಹಿಂದಿನಿಂದ ಐರಿಶ್ ರಾಗದ ಅಳು ಕೇಳಿತು.

"ಐ ಓನ್ಲಿ ವಾಂಟೆಡ್ ದೆಮ್ ಕ್ಲೀನ್, ಅಪ್ಪಾ."

ಭಾವ ಸೋಫಾದ ಹಿಂದೆ ಹೋಗಿ ನೆಲದ ಮೇಲೆ ಕೂತು ಅವಳ ಎರಡೂ ಕೈ ಹಿಡಿದುಕೊಂಡರು. "ಸೋಪು ಕಣ್ಣಿಗೆ ಹೋಗ್ಲಿಲ್ಲ ತಾನೆ ಕಂದಾ?" ಎಂದರು. ಅಷ್ಟೇ.

ಮರುದಿನ ಕೆಂಪಾದ ವಿಮಾನಗಳನ್ನೇ ಮೇಜಿನ ಮೇಲೆ ಜೋಡಿಸಿದರು. ತೀರ್ಪುಗಾರರು ಬಗ್ಗಿ ನೋಡಿ, ಗುರುತುಗಳೆಲ್ಲ ತಪ್ಪಾಗಿವೆಯಲ್ಲ ಎಂದರು.

"ಹೌದು, ತಪ್ಪಾಗಿವೆ," ಎಂದರು ಭಾವ, ಪುಟ್ಟಿಯನ್ನು ಮುಂದಕ್ಕೆ ಕರೆದು. "ಆದರೆ ನೋಡಿ, ಎಷ್ಟು ಚೆನ್ನಾಗಿ ಒರೆಸಿದ್ದಾಳೆ ನನ್ನ ಮಗಳು!"