ಎಡಗಿವಿಯ ಮೇಲಿನ ಕೂದಲು

ಹುಟ್ಟಿದ ಊರಿನಲ್ಲೇ ಸಂಸಾರ ಹೂಡಿದ ಗಂಡಸಿಗೆ ಮನೆಯ ಮೇಲೆ ಹಕ್ಕಿರಬಹುದು, ಅಂಗಡಿಯ ಮೇಲೆ ಹಕ್ಕಿರಬಹುದು, ಪುಣ್ಯ ಮಾಡಿದ್ದರೆ ಟಿ.ವಿ. ರಿಮೋಟಿನ ಮೇಲೂ ಒಂದಿಷ್ಟು ಹಕ್ಕಿರಬಹುದು. ಆದರೆ ಸ್ವಂತ ತಲೆಗೂದಲಿನ ಮೇಲೆ ಮಾತ್ರ ಇರುವುದಿಲ್ಲ. ಇದು ಪುಟ್ಟನಿಗೆ ಗೊತ್ತಾದದ್ದು ಮದುವೆಯ ಇಪ್ಪತ್ತೈದನೆಯ ವರ್ಷದಲ್ಲಿ.

ಪುಟ್ಟ ಎಂದ ತಕ್ಷಣ ಚಡ್ಡಿ ಹಾಕಿದ ಹುಡುಗನನ್ನು ಕಣ್ಣಮುಂದೆ ತಂದುಕೊಳ್ಳಬೇಡಿ. ವಯಸ್ಸು ಐವತ್ತು ದಾಟಿದೆ, ಹೊಟ್ಟೆ ಬೆಲ್ಟು ದಾಟಿದೆ. ಮನೆಯ ಮುಂಭಾಗದಲ್ಲೇ ಅಪ್ಪನ ಕಾಲದ ಕನ್ನಡಕದ ಅಂಗಡಿ ಇದೆ. ಊರಿಗೆಲ್ಲ ಅದೊಂದೇ. ಬೇರೆ ಊರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ 'ಸಾರ್' ಆಗಿರುತ್ತಿದ್ದ. ಹುಟ್ಟಿದೂರಲ್ಲವೇ, ಹಾಲಿನವನಿಂದ ಹಿಡಿದು ಬ್ಯಾಂಕ್ ಮ್ಯಾನೇಜರ್‌ವರೆಗೆ ಎಲ್ಲರಿಗೂ ಅವನು ಪುಟ್ಟನೇ. (ಬ್ಯಾಂಕ್ ಮ್ಯಾನೇಜರ್ ಬಂದು ಎರಡೇ ತಿಂಗಳಾಗಿತ್ತು. ಅವರಿಗೂ ಯಾರೋ ಪುಣ್ಯಾತ್ಮರು ಹೇಳಿಬಿಟ್ಟಿದ್ದರು.)

ಆದರೂ ಪುಟ್ಟನಿಗೆ ಒಂದು ಸಮಾಧಾನವಿತ್ತು. ಅವನು ಬೀದಿಯಲ್ಲಿ ನಡೆದು ಹೋದರೆ ಜನ ಗಡಿಬಿಡಿಯಿಂದ ಜೇಬಿಗೋ ಚೀಲಕ್ಕೋ ಕೈಹಾಕಿ ಅವನು ಮಾಡಿಕೊಟ್ಟ ಕನ್ನಡಕ ತೆಗೆದು ಮೂಗಿಗೇರಿಸುತ್ತಿದ್ದರು. ದಿನಸಿ ಅಂಗಡಿಯವನು, ದರ್ಜಿ, ಒಂದನೇ ಕ್ಲಾಸಿನಲ್ಲಿ ಅವನ ಕಿವಿ ಹಿಂಡಿದ್ದ ಟೀಚರಮ್ಮ, ಎಲ್ಲರೂ ಹಾಗೇ. "ನೋಡು, ಊರು ನನಗೆ ಕೊಡೋ ಮರ್ಯಾದೆ ಇದು" ಎಂದು ಅವನು ಹೆಂಡತಿಯ ಮುಂದೆ ಬೀಗುತ್ತಿದ್ದ. ಅವಳು ಒಲೆಯ ಕಡೆ ತಿರುಗಿಕೊಳ್ಳುತ್ತಿದ್ದಳು.

ಅಂದು ಬೆಳಿಗ್ಗೆ ಅವಳು ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಇಟ್ಟಳು.

"ರೀ, ಭಾನುವಾರ ಸ್ಟುಡಿಯೋಗೆ ಹೋಗಿ ಇಪ್ಪತ್ತೈದನೇ ವರ್ಷದ ಫೋಟೋ ತೆಗೆಸ್ಕೋಬೇಕು. ನೆನಪಿದೆ ತಾನೇ?"

"ಇದೆ ಕಣೇ."

"ಆ ತಲೆ ಇಟ್ಕೊಂಡು ಬರ್ತೀರಾ?"

"ಇನ್ಯಾರ ತಲೆ ಇಟ್ಕೊಂಡು ಬರ್ಲಿ?"

"ತಮಾಷೆ ಸಾಕು. ಗೋಡೆ ಮೇಲಿರೋ ಮದುವೆ ಫೋಟೋ ನೋಡಿ. ಆಗ್ಲೂ ಎಡಗಿವಿ ಮೇಲೆ ಕೂದಲು ಜೋತುಬಿದ್ದಿದೆ, ಈಗ್ಲೂ ಜೋತುಬಿದ್ದಿದೆ. ಮಕ್ಕಳು ಮರಿ ನೋಡೋ ಫೋಟೋ ರೀ. ಒಂದು ಸಲ, ಒಂದೇ ಒಂದು ಸಲ, ನೆಟ್ಟಗಿರೋ ಗಂಡನ ಪಕ್ಕ ನಿಂತ್ಕೋತೀನಿ."

ಪುಟ್ಟ ಎದ್ದು, ತಾನೇ ಮಾಡಿಕೊಂಡಿದ್ದ ಕನ್ನಡಕವನ್ನು ಮೂಗಿಗೇರಿಸಿ ಮದುವೆ ಫೋಟೋದ ಮುಂದೆ ನಿಂತ. ನಿಜ, ಎಡಗಡೆ ಜೋತುಬಿದ್ದಿತ್ತು. ಫೋಟೋದ ಚೌಕಟ್ಟೂ ಎಡಗಡೆ ಕೆಳಗಿಳಿದಂತೆ ಕಂಡಿತು. ಅಭ್ಯಾಸಬಲದಿಂದ ಅದನ್ನು ಒಂದು ಬೆರಳಷ್ಟು ಮೇಲೆತ್ತಿ ಸರಿಮಾಡಿದ. ಆ ಮನೆಯಲ್ಲಿ ಚೌಕಟ್ಟುಗಳನ್ನು ಸರಿಮಾಡುವುದು ಅವನ ನಿತ್ಯದ ಕೈಂಕರ್ಯ. ನೆಂಟರು ಬಂದು ಹೋದಾಗಲೆಲ್ಲ ಅದೇಕೋ ಅವು ಮತ್ತೆ ಸೊಟ್ಟಗಾಗಿರುತ್ತಿದ್ದವು. ಅಂಗಡಿಯ ಬೋರ್ಡು ಹಾಕಿಸುವಾಗಲೂ ಪೇಂಟರು "ನೆಟ್ಟಗಿದೆ ಪುಟ್ಟಣ್ಣ" ಎಂದು ಬಡಿದುಕೊಂಡರೂ ಕೇಳದೆ, ಕೆಳಗೆ ನಿಂತು "ಎಡ ಎತ್ತು, ಇನ್ನೂ ಎತ್ತು" ಎಂದು ಎತ್ತಿಸಿದವನು ಅವನೇ.

ಈಗ ಈ ತಲೆಯ ಕರ್ತೃವಿನ ವಿಷಯಕ್ಕೆ ಬರೋಣ. ಬೀದಿಯ ಕೊನೆಯಲ್ಲಿ ಕತ್ತರಿ ಮಾವನ ಅಂಗಡಿ. ಮಾವ ಎಂದರೆ ರಕ್ತಸಂಬಂಧವೇನಲ್ಲ, ಊರಿಗೆಲ್ಲ ಅವರು ಮಾವ. ಪುಟ್ಟ ಮೊದಲ ಸಲ ಅಲ್ಲಿ ಕೂತದ್ದು ಕುರ್ಚಿಯ ಎರಡು ಕೈಗಳ ಮೇಲೆ ಅಡ್ಡಲಾಗಿ ಇಟ್ಟ ಹಲಗೆಯ ಮೇಲೆ. ಅಪ್ಪ ಪಕ್ಕದಲ್ಲಿ ನಿಂತು ಅವನ ಕೈ ಹಿಡಿದುಕೊಂಡಿದ್ದರು. ಕತ್ತಿನ ಹಿಂದೆ ತಣ್ಣನೆಯ ಮಷೀನು, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಪೌಡರು. ಒಂದು ದಿನ ಮಾವ ಆ ಹಲಗೆ ತೆಗೆದು ಬದಿಗಿಟ್ಟು "ಇನ್ಮೇಲೆ ನೀನು ದೊಡ್ಡೋನು ಕಣೋ" ಎಂದಾಗ ಪುಟ್ಟ ಮನೆಯವರೆಗೂ ಎದೆಯುಬ್ಬಿಸಿಕೊಂಡು ನಡೆದಿದ್ದ. ಇಡೀ ಊರಿನಲ್ಲಿ ಅವನನ್ನು ದೊಡ್ಡವನೆಂದು ಒಪ್ಪಿಕೊಂಡವರು ಅವರೊಬ್ಬರೇ. ಅಪ್ಪ ಹಾಸಿಗೆ ಹಿಡಿದಾಗ ಅದೇ ಮಾವ ಕರೆಯದೆಯೇ ಮನೆಗೆ ಬಂದು ಗಡ್ಡ ತೆಗೆದು, ಕನ್ನಡಿ ಹಿಡಿದು, "ನೋಡಣ್ಣ, ಈಗ ಹೇಗಿದ್ದೀಯ" ಎನ್ನುತ್ತಿದ್ದರು. ಅಪ್ಪ ಕೊನೆಯವರೆಗೂ ಒಂದು ದಿನವೂ ರೋಗಿಯಂತೆ ಕಾಣಲಿಲ್ಲ.

ಅಂಥ ಮನುಷ್ಯನಿಗೆ "ನಿಮ್ಮ ಕೈ ಸರಿಯಿಲ್ಲ, ಬೇರೆ ಕಡೆ ಹೋಗ್ತೀನಿ" ಎನ್ನಲು ಯಾವ ಬಾಯಿ ಬಂದೀತು? ತೊಂದರೆ ಏನೆಂದು ಪುಟ್ಟನಿಗೆ ಗೊತ್ತಿತ್ತು. ಮಾವನಿಗೆ ಕಣ್ಣು ಮಂಜಾಗಿತ್ತು. ಪುಟ್ಟನೇ ಕನ್ನಡಕ ಮಾಡಿಕೊಟ್ಟಿದ್ದ. ಅದು ಕನ್ನಡಿಯ ಪಕ್ಕದ ಮೊಳೆಗೆ ನೇತುಬಿದ್ದಿರುತ್ತಿತ್ತು. "ಹಾಕ್ಕೊಳ್ಳಿ ಮಾವ" ಎಂದರೆ, "ನಿನ್ನ ತಲೆಗೆ ಕಣ್ಣು ಯಾಕೋ ಪುಟ್ಟಾ? ಕಣ್ಣು ಮುಚ್ಕೊಂಡೇ ಕತ್ತರಿಸ್ತೀನಿ" ಎಂದು ನಗುತ್ತಿದ್ದರು. ಅವರು ಹೇಳಿದ್ದನ್ನೇ ಮಾಡುತ್ತಿದ್ದಾರೆ ಎಂಬುದೇ ಪುಟ್ಟನ ದುಃಖವಾಗಿತ್ತು.

ಕೊನೆಗೆ ಗಂಡಹೆಂಡಿರ ಉನ್ನತ ಮಟ್ಟದ ಸಭೆಯಲ್ಲಿ ತೀರ್ಮಾನವಾಯಿತು. ಮಾವನ ಅಂಗಡಿಗೆ ವಾರದ ರಜೆ ಇರುವ ದಿನ ಪುಟ್ಟ ಪಕ್ಕದೂರಿಗೆ ಹೋಗುವುದು, ಗುಟ್ಟಾಗಿ ಕೂದಲು ಕತ್ತರಿಸಿಕೊಂಡು ಬರುವುದು.

ಗುಟ್ಟು! ಆ ಊರಿನಲ್ಲಿ! ಬಸ್ಸು ಹತ್ತುವಷ್ಟರಲ್ಲಿ ಅವನು ಅಂಗಡಿಗೆ ಗಾಜು ತರಲು ಹೋಗುತ್ತಿರುವುದಾಗಿ ಹೂವಿನವಳಿಗೆ, ದರ್ಜಿಗೆ, ಕಂಡಕ್ಟರಿಗೆ ಬೇರೆ ಬೇರೆಯಾಗಿ ವರದಿ ಒಪ್ಪಿಸಬೇಕಾಯಿತು. ಕಿಟಕಿ ಪಕ್ಕ ಕೂತಿದ್ದ ಟೀಚರಮ್ಮ ಅವನನ್ನು ಕಂಡು ಗಡಿಬಿಡಿಯಿಂದ ಕನ್ನಡಕ ಬದಲಾಯಿಸಿ, "ಎಲ್ಲಿಗೋ? ತಿಂಡಿ ತಿಂದ್ಯಾ? ಕರ್ಚೀಫ್ ಇದೆಯಾ?" ಎಂದು ಬಸ್ಸಿಗೆಲ್ಲ ಕೇಳುವಂತೆ ವಿಚಾರಿಸಿದರು. ಕರ್ಚೀಫ್ ತೋರಿಸಿದ ಮೇಲೆಯೇ ಬಿಟ್ಟರು.

ಪಕ್ಕದೂರಿನ ಸಲೂನಿನಲ್ಲಿ ಗಾಜಿನ ಬಾಗಿಲು, ತಂಪು ಗಾಳಿ, ತಿರುಗುವ ಕುರ್ಚಿ. "ಬನ್ನಿ ಸಾರ್" ಎಂದರು. ಸಾರ್! ಪುಟ್ಟನಿಗೆ ಅಲ್ಲೇ ಇನ್ನೊಂದು ಸಲ ಬಾಗಿಲಿಂದಾಚೆ ಹೋಗಿ ಒಳಗೆ ಬರೋಣವೆನ್ನಿಸಿತು.

"ಎಡಗಡೆ ಜೋತುಬಿದ್ದಿದೆ, ಮೇಲೆತ್ತು" ಎಂದ.

ಸಲೂನಿನವನು ಬಗ್ಗಿ ನೋಡಿದ, ಹಿಂದೆ ಸರಿದು ನೋಡಿದ. "ಎರಡೂ ಕಡೆ ಸಮ ಇದೆ ಸಾರ್. ಅಚ್ಚುಕಟ್ಟಾಗಿದೆ."

"ಲೋ, ನಾನು ಕನ್ನಡಕದ ಅಂಗಡಿಯವನು ಕಣಪ್ಪ. ನನ್ನ ಕಣ್ಣಿಗೇ ಪಾಠ ಹೇಳ್ತೀಯಾ? ಎತ್ತು."

ಅವನು ಎತ್ತಿದ. "ಇನ್ನೂ ಎತ್ತು" ಎಂದ ಪುಟ್ಟ. ಅವನು ಹೆದರಿ ಹೆದರಿ ಇನ್ನೂ ಎತ್ತಿ, "ಸಾರ್, ಆಮೇಲೆ ನನ್ನನ್ನ ಬೈಬೇಡಿ" ಎಂದ. ಪುಟ್ಟ ಕನ್ನಡಿಯಲ್ಲಿ ನೋಡಿಕೊಂಡ. ಜೀವನದಲ್ಲಿ ಮೊದಲ ಬಾರಿಗೆ ಅವನ ತಲೆ ನೆಟ್ಟಗಿತ್ತು! ಖುಷಿಯಾಯಿತು. ಆದರೂ ಎದ್ದು ಬರುವಾಗ ಏನೋ ಕೊರತೆ. ಹೆಂಡತಿಯ ಮಂಡಿನೋವು ಹೇಗಿದೆ ಎಂದು ಆ ಕುರ್ಚಿಯಲ್ಲಿ ಯಾರೂ ಕೇಳಿರಲಿಲ್ಲ. ಪೌಡರಿನ ವಾಸನೆಯೂ ಬೇರೆ.

ವಾಪಸು ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇತ್ತು. ಕೂತ. ಪಕ್ಕಕ್ಕೆ ತಿರುಗಿದ. ಕತ್ತರಿ ಮಾವ ಕೂತಿದ್ದರು. ಅವರ ಮೂಗಿನ ಮೇಲೆ ಫಳಫಳ ಹೊಳೆಯುವ ಹೊಸ ಕನ್ನಡಕವಿತ್ತು!

ಮಾವ ಸರಕ್ಕನೆ ಕನ್ನಡಕ ತೆಗೆದರು. ಪುಟ್ಟ ಸರಕ್ಕನೆ ಕರ್ಚೀಫು ತೆಗೆದು ತಲೆಯ ಮೇಲೆ ಹಾಕಿಕೊಂಡ. ಇಬ್ಬರಿಗೂ ತಡವಾಗಿತ್ತು.

"ಏನ್ ಮಾವ, ಈ ಕಡೆ?"

"ಹಿಂಗೇ... ಕತ್ತರಿ ಸಾಣೆ ಹಿಡಿಸೋಕೆ. ನೀನು?"

"ಗಾಜು ತರೋಕೆ."

ಮಾವನ ಕೈಯಲ್ಲಿ ಕತ್ತರಿ ಇರಲಿಲ್ಲ. ಪುಟ್ಟನ ಕೈಯಲ್ಲಿ ಗಾಜಿರಲಿಲ್ಲ. ಬಸ್ಸು ಸುಮಾರು ದೂರ ಹೋದ ಮೇಲೆ ಮಾವ ನಿಟ್ಟುಸಿರು ಬಿಟ್ಟು ಮತ್ತೆ ಕನ್ನಡಕ ಹಾಕಿಕೊಂಡು, ಕರ್ಚೀಫು ಸರಿಸಿ, ಆ ತಲೆಯನ್ನು ಬಹಳ ಹೊತ್ತು ನೋಡಿದರು. ಎಡಗಿವಿಯ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒಂದು ಸಲ ಸವರಿದರು.

"ಚೆನ್ನಾಗಿದೆ ಬಿಡು" ಎಂದರು.

"ನಿಮ್ಮದೂ ಚೆನ್ನಾಗಿದೆ" ಎಂದ ಪುಟ್ಟ, ಹಲ್ಲು ಕಚ್ಚಿ.

"ಬೇಜಾರು ಮಾಡ್ಕೋಬೇಡ ಕಣೋ. ನಿಂದು ಹಾಕ್ಕೊಂಡ್ರೆ ಯಾಕೋ ತಲೆ ಸುತ್ತುತ್ತೆ. ವಯಸ್ಸಾಯ್ತು ನೋಡು, ನನ್ನ ಕಣ್ಣಿಂದೇ ತಪ್ಪು."

ಮನೆಗೆ ಬಂದ ಪುಟ್ಟ ಕುದಿಯುತ್ತಿದ್ದ. "ದ್ರೋಹ ಕಣೇ, ದ್ರೋಹ! ಕಣ್ಮುಂದೆ ಬೆಳೆದ ನನ್ನ ಅಂಗಡಿ ಬಿಟ್ಟು ಕದ್ದು ಪಕ್ಕದೂರಿಗೆ ಹೋಗೋದಾ? ಯಾರಾದ್ರೂ ಮಾಡೋ ಕೆಲಸವಾ ಇದು?" ಎಂದು ಭಾನುವಾರದವರೆಗೂ ಗೊಣಗಿದ. (ತನ್ನ ತಲೆಯ ಮೇಲೆ ಹೊಸ ಎಣ್ಣೆಯ ಘಮ ಇನ್ನೂ ಆರಿರಲಿಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.) ಹೆಂಡತಿ ಹೊಸ ತಲೆಯನ್ನೇನೋ ಮೆಚ್ಚಿಕೊಂಡಳು. ಆದರೆ ಮಾವನ ಮಾತು ಬಂದಾಗಲೆಲ್ಲ ಅವಳಿಗೆ ಇದ್ದಕ್ಕಿದ್ದಂತೆ ಬಟ್ಟೆ ಮಡಿಸುವ ಕೆಲಸ ನೆನಪಾಗುತ್ತಿತ್ತು.

ಭಾನುವಾರ ಇಸ್ತ್ರಿ ಶರ್ಟು ಹಾಕಿಕೊಂಡು "ಆಯ್ತೇನೇ?" ಎಂದು ಪುಟ್ಟ ಕೋಣೆಗೆ ನುಗ್ಗಿದ. ಅವಳು ಕನ್ನಡಿಯ ಮುಂದೆ ಸೀರೆಗೆ ಪಿನ್ನು ಚುಚ್ಚಿಕೊಳ್ಳುತ್ತಿದ್ದಳು. ಅವಳ ಮೂಗಿನ ಮೇಲೆ ಅವನು ಮಾಡಿಕೊಟ್ಟ ಕನ್ನಡಕದ ಬದಲು ಅವನು ಜನ್ಮದಲ್ಲಿ ಕಾಣದ ಒಂದು ಕನ್ನಡಕವಿತ್ತು.

"ಇದೆಲ್ಲಿಂದ ಬಂತು?" ಎಂದು ಅವನು ಕೇಳುವುದಕ್ಕೂ ಅವಳು ತಿರುಗಿ ಅವನನ್ನು ನೋಡುವುದಕ್ಕೂ ಸರಿಹೋಯಿತು.

"ಅಯ್ಯೋ! ನಿಮ್ಮ ತಲೆಗೇನಾಯ್ತು ರೀ?"

"ಏನಾಯ್ತು? ನೆಟ್ಟಗಿದೆ ಅಂತ ನೀನೇ ಹೇಳಿದ್ಯಲ್ಲ!"

"ಎಲ್ಲಿ ನೆಟ್ಟಗಿದೆ? ಎಡಗಿವಿ ಮೇಲೆ ಇಲಿ ತಿಂದ ಹಾಗಿದೆಯಲ್ರೀ!"

ಅವಳು ಹಜಾರಕ್ಕೆ ಓಡಿ ಮದುವೆ ಫೋಟೋದ ಮುಂದೆ ನಿಂತಳು. ಸೊಟ್ಟಗಿದ್ದ ಚೌಕಟ್ಟಿನ ಎಡಬದಿಯನ್ನು ಕೆಳಗಿಳಿಸಿ ಸರಿಮಾಡಿದಳು. ನೋಡಿದಳು. ಬಾಯಿಯ ಮೇಲೆ ಕೈ ಇಟ್ಟುಕೊಂಡಳು. "ಇಷ್ಟು ವರ್ಷ ನಾನು ಸರಿಯಾಗಿ ನೋಡೇ ಇರ್ಲಿಲ್ಲ... ಎಷ್ಟು ಚೆನ್ನಾಗಿದ್ರಿ ರೀ ನೀವು!"

ಪುಟ್ಟ ಆ ಕನ್ನಡಕವನ್ನು ಕಿತ್ತುಕೊಂಡು ಹಾಕಿಕೊಂಡ. (ಇಬ್ಬರ ನಂಬರೂ ಹೆಚ್ಚುಕಡಿಮೆ ಒಂದೇ.) ಫೋಟೋದ ಮದುಮಗನ ಕೂದಲು ಸ್ಕೇಲಿಟ್ಟು ಗೆರೆ ಎಳೆದ ಹಾಗೆ ಎರಡೂ ಕಡೆ ಸಮವಾಗಿತ್ತು. ಗೋಡೆಯ ಮೇಲಿನ ಉಳಿದ ಚೌಕಟ್ಟುಗಳೆಲ್ಲ ಎಡಕ್ಕೆ ಎದ್ದು ನಿಂತಿದ್ದವು. ಹೊರಗೆ ಓಡಿ ತಲೆಯೆತ್ತಿದರೆ, ಅಪ್ಪನ ಹೆಸರಿದ್ದ ಅಂಗಡಿ ಬೋರ್ಡು ಆಕಾಶಕ್ಕೆ ಹಾರಲು ಹೊರಟಂತೆ ಎಡಗಡೆ ಮೇಲೆದ್ದಿತ್ತು.

ಅಪ್ಪನ ಕಾಲದ ಗಾಜು ಉಜ್ಜುವ ಯಂತ್ರ ಯಾವ ಕಾಲದಲ್ಲೋ ಒಂದು ಕಡೆ ವಾಲಿತ್ತು. ಅವನು ಮಾಡಿದ ಕನ್ನಡಕವೆಲ್ಲ ವಾಲಿತ್ತು. ಅವನು ಹಾಕಿಕೊಂಡದ್ದೂ ಅದೇ.

"ಇದು... ಪಕ್ಕದೂರಿಂದು" ಎಂದಳು ಹೆಂಡತಿ ಸಣ್ಣ ದನಿಯಲ್ಲಿ. "ನೀವು ಅಂಗಡಿಯಲ್ಲಿದ್ದಾಗ ಅಕ್ಕಿ ಆರಿಸೋಕೆ, ಸೂಜಿ ಪೋಣಿಸೋಕೆ ಮಾತ್ರ ಹಾಕ್ಕೋತೀನಿ. ಮನೆಗೆ ಬಂದಾಗ ನಿಮ್ಮದು."

"ಇನ್ಯಾರ್ಯಾರು ಹೀಗೆ?"

"ಯಾರ್ಯಾರು ಅಲ್ಲ ಅಂತ ಕೇಳಿ."

ಪುಟ್ಟ ಮೆಟ್ಟಿಲ ಮೇಲೆ ಕುಸಿದ. ಟೀಚರಮ್ಮನ ಗಡಿಬಿಡಿ, ದರ್ಜಿಯ ಗಡಿಬಿಡಿ, ದಿನಸಿಯವನ ಗಡಿಬಿಡಿ ಎಲ್ಲ ಸಾಲಾಗಿ ನೆನಪಾದವು. ಅವನು ಒಂದು ಸಲ ಸೀನಿದರೆ ಎರಡನೆಯ ಸೀನಿನೊಳಗೆ ಸುದ್ದಿ ಕೊನೆಯ ಬೀದಿ ಮುಟ್ಟುವ ಊರು ಅದು. ಅಂಥ ಊರು ಇಷ್ಟು ವರ್ಷ ಇದೊಂದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ!

"ನಿಮ್ಮಪ್ಪ ಹೋದ ಮೇಲೆ ನೀವು ಒಬ್ಬರೇ ಅಂಗಡಿ ಬಾಗಿಲು ತೆಗೆದು ಕೂತ್ರಲ್ಲ" ಎಂದಳು ಅವಳು ಪಕ್ಕದಲ್ಲಿ ಕೂತು. "ಹೇಳೋಕೆ ಯಾರಿಗೂ ಮನಸ್ಸು ಬರ್ಲಿಲ್ವಂತೆ."

ಪುಟ್ಟನಿಗೆ ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಫೋಟೋ ಮುಂದಕ್ಕೆ ಹೋಯಿತು. ಅವನು ನೇರವಾಗಿ ಬೀದಿಯ ಕೊನೆಗೆ ನಡೆದ. ಮಾವ ಕುರ್ಚಿಯ ಧೂಳು ಕೊಡವಿ ಬಿಳಿ ಬಟ್ಟೆ ಹೊದಿಸಿದರು. ಬಲಗಡೆಯನ್ನು ಎಡಕ್ಕೆ ಸಮ ಮಾಡದೆ ಬೇರೆ ದಾರಿಯಿರಲಿಲ್ಲ.

ಆಮೇಲೆ ಮಾವ ಅವನ ಮುಖ ನೋಡಿದರು. ಏನನ್ನಿಸಿತೋ, ಹೊಸ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮೊಳೆಗೆ ನೇತುಹಾಕಿದ್ದ ಪುಟ್ಟನ ಕನ್ನಡಕವನ್ನು ಪ್ರೀತಿಯಿಂದ ಒರೆಸಿ ಮೂಗಿಗೇರಿಸಿ, ಕತ್ತರಿ ಎತ್ತಿದರು.

"ಬೇಡ ಮಾವ! ಅದು ಬೇಡ!" ಪುಟ್ಟ ಕಿರುಚಿಯೇಬಿಟ್ಟ. "ನಿಮಗೆ ಕೈ ಮುಗೀತೀನಿ, ಕಣ್ಣು ಮುಚ್ಕೊಂಡೇ ಕತ್ತರಿಸಿ!"

ಮರುದಿನವೇ ಪುಟ್ಟ ಯಂತ್ರವನ್ನು ರಿಪೇರಿ ಮಾಡಿಸಿದ. ಯಾರಿಗೂ ಹೇಳಲಿಲ್ಲ. ಹೇಳಿದರೆ ತನಗೆ ಗೊತ್ತಾಗಿದೆ ಎಂದು ಊರಿಗೆ ಗೊತ್ತಾಗಿಬಿಡುತ್ತದಲ್ಲ, ಅವರ ಮನಸ್ಸು ನೊಂದೀತು. ಈಗಲೂ ಬೆಳಿಗ್ಗೆ ಅವನು ಬೀದಿಗೆ ಹೊರಡುತ್ತಾನೆ. ಒಂದೇ ಒಂದು ವ್ಯತ್ಯಾಸ. ಪ್ರತಿ ತಿರುವಿಗೆ ಮುಂಚೆ ನಿಂತು, ಇಲ್ಲದ ಕೆಮ್ಮನ್ನು ಎರಡು ಸಲ ಜೋರಾಗಿ ಕೆಮ್ಮುತ್ತಾನೆ. ಕನ್ನಡಕ ಬದಲಾಯಿಸಿಕೊಳ್ಳಲು ಜನರಿಗೆ ಸ್ವಲ್ಪ ಸಮಯ ಬೇಕಲ್ಲವೇ?

(ಪುಟ್ಟನಿಗೆ ಕೆಮ್ಮು ಎಂದು ಟೀಚರಮ್ಮ ಆಗಲೇ ಊರಿಗೆಲ್ಲ ಸಾರಿದ್ದಾರೆ. ಮನೆಗೆ ಕಷಾಯ ಬರತೊಡಗಿದೆ. ಕುಡಿಯದೆ ವಿಧಿಯಿಲ್ಲ.)