ನುಂಗಿದ ಹಲ್ಲೆಲೂಯ

ಎಡವಟ್ಟುಗಳಿಗೆ ನನ್ನ ವಿಳಾಸ ಚೆನ್ನಾಗಿ ಗೊತ್ತು. ಅದರಲ್ಲೂ ನಾನು ಮೈಯೆಲ್ಲ ಕಣ್ಣಾಗಿರುವ ದಿನವೇ ಅವು ಹುಡುಕಿಕೊಂಡು ಬರುತ್ತವೆ. ದಾಂಡೇಲಿಯ ನಮ್ಮ ಚರ್ಚಿನಲ್ಲಿ ಹಾಡು ಎತ್ತುವುದು ನನ್ನ ಕೆಲಸ. ನಾನು ಹಾರ್ಮೋನಿಯಂ ನುಡಿಸುತ್ತ ಮೊದಲ ಸಾಲು ಹಾಡಬೇಕು, ಹಿಂದೆ ಸಭೆಯವರು ಸೇರಿಕೊಳ್ಳಬೇಕು. ನನಗಿಂತ ಮೊದಲು ನಮ್ಮಪ್ಪ ಇದೇ ಪೆಟ್ಟಿಗೆ ಹಿಡಿದು ಹಾಡು ಎತ್ತುತ್ತಿದ್ದರು. ಇಷ್ಟು ವರ್ಷವಾದರೂ ಭಾನುವಾರ ಬೆಳಿಗ್ಗೆ ನನ್ನ ಗಂಟಲಲ್ಲಿ ಉಪ್ಪಿಟ್ಟು ಇಳಿಯುವುದಿಲ್ಲ.

ಹೊಸ ಕಾಯಿದೆ

ಹೊಸದಾಗಿ ಬಂದ ಸಭಾಪಾಲಕರನ್ನು ನಾವೆಲ್ಲ ಅಯ್ಯನವರು ಅನ್ನುತ್ತೇವೆ. ಚರ್ಚಿನ ಪಂಚಾಂಗವನ್ನು ಅರೆದು ಕುಡಿದವರು. ಬೂದಿ ಬುಧವಾರದ ದಿನವೇ ಹೇಳಿದರು: "ಇವತ್ತಿನಿಂದ ಈಸ್ಟರ್ ತನಕ ಶ್ರಮಕಾಲ, ಉಪಾಸದ ದಿನಗಳು. ಹಲ್ಲೆಲೂಯ ಅನ್ನೂದು ಸಂತೋಷದ ಮಾತು. ಅದನ್ನ ಈಸ್ಟರಿಗೆ ತೆಗೆದಿಡೂಣು. ಅಲ್ಲೀತನಕ ಯಾರೂ ಹಾಡಬಾರದು."

ನಮ್ಮ ಸಭೆಗೆ ಬರುವ ಹಾಡುಗಳೇ ಬೆರಳೆಣಿಕೆಯವು. ಅವುಗಳಲ್ಲಿ ಅರ್ಧಕ್ಕೆ ಆ ಮಾತೇ ಬಾಲ. ಅಂಜುತ್ತಲೇ ಕೇಳಿದೆ: "ಹಾಡಿನ ನಡುವ ಬಂದ್ರ ಏನ್ ಮಾಡೂದ್ರಿ?"

"ನುಂಗ್ರಿ. ಆ ಜಾಗಾದಾಗ ಪೆಟ್ಟಿಗಿ ಅಷ್ಟ ಬಾರಿಸ್ರಿ."

ಜೊತೆಗೆ ಇನ್ನೊಂದು ಸುದ್ದಿಯನ್ನೂ ಕೊಟ್ಟರು. ಈಸ್ಟರಿಗೆ ಬಿಷಪ್ಪರು ಬರುತ್ತಾರೆ. ಅವರೆದುರು ಹಾಡು ಕೆಟ್ಟರೆ, ಮುಂದೆ ಹಳಿಯಾಳದ ಕೀಬೋರ್ಡಿನವರನ್ನೇ ಕರೆಸುವುದೆಂದು ಕಮಿಟಿಯವರು ಮಾತಾಡಿಕೊಂಡಿದ್ದಾರಂತೆ. ಅಪ್ಪನ ಪೆಟ್ಟಿಗೆ ಅಟ್ಟ ಸೇರುವುದನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಯಿತು. ಹಲ್ಲೆಲೂಯ ನುಂಗುವ ಮೊದಲು ಉಗುಳು ನುಂಗಿದೆ.

ಮೊದಲ ಬೆಂಚಿನ ಅಜ್ಜಿ

ಕೈಯೆರಡೂ ಪೆಟ್ಟಿಗೆಯ ಮೇಲಿರುವುದರಿಂದ ನಾನೊಂದು ಉಪಾಯ ಮಾಡಿದೆ. ಆ ಮಾತು ಬರುವ ಜಾಗದಲ್ಲಿ ನಾನು ತಲೆ ತಗ್ಗಿಸಬೇಕು, ಅದನ್ನು ನೋಡಿ ಸಭೆಯವರು ಬಾಯಿ ಮುಚ್ಚಬೇಕು. ಮೊದಲ ಭಾನುವಾರ ತಲೆ ತಗ್ಗಿಸಿದೆ. ಇಡೀ ಚರ್ಚು ಗಪ್‌ಚುಪ್. ಮೊದಲ ಬೆಂಚಿನ ಅಜ್ಜಿಗೆ ಮಾತ್ರ ಕಿವಿ ಮಂದ, ಹಾಡುವಾಗ ಕಣ್ಣೂ ಮುಚ್ಚುತ್ತಾರೆ. ಅವರೊಬ್ಬರೇ ಗಂಟಲು ಹರಿಯುವಂತೆ ಹಲ್ಲೆಲೂಯ ಎಂದರು.

ಆರಾಧನೆ ಮುಗಿದ ಮೇಲೆ ಅಯ್ಯನವರು ಅವರ ಕಿವಿಯ ಹತ್ತಿರ ಬಗ್ಗಿ, "ಯಾಕ್ರೀ ಅಜ್ಜಿ?" ಎಂದರು.

"ಎಲ್ಲಾರ ದನಿನೂ ನಿಂತಂಗಾತ್ರೀ. ಪಾಪ, ಮರತಾರ ಅಂತ ನಾನ ಗಟ್ಟಿ ಹಾಡಿದೆ."

ಫೋನು ಎತ್ತದವನು

ಒಂದು ಸಂಜೆ ಮನೆ ಪ್ರಾರ್ಥನೆ ಮುಗಿಸಿ ಅಯ್ಯನವರ ಜೊತೆ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಕಿಸೆಯೊಳಗಿಂದ ಫೋನು ಹಾಡತೊಡಗಿತು: ಹಲ್ಲೆಲೂಯ, ಹಲ್ಲೆಲೂಯ. ಕ್ರಿಸ್‌ಮಸ್ಸಿಗೆ ಮಗಳು ಹಾಕಿಕೊಟ್ಟ ರಿಂಗ್‌ಟೋನು, ಬದಲಿಸಲು ನನಗೆ ಬರುವುದಿಲ್ಲ. ಕೈ ಬೆವತು ಫೋನು ಬೆರಳಿನ ಮಾತು ಕೇಳಲಿಲ್ಲ. ಕರವಸ್ತ್ರದಲ್ಲಿ ಸುತ್ತಿದೆ, ಅದರೊಳಗಿಂದಲೂ ಹಾಡಿತು. ಅಯ್ಯನವರು ಬಸ್ಸಿನ ಬೋರ್ಡು ಓದುತ್ತ ನಿಂತರು.

ಪಕ್ಕದಲ್ಲಿ ಸಂತೆಚೀಲ ಹಿಡಿದು ನಿಂತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ. "ಎತ್ರೀ ಅಣ್ಣಾರ, ಆಗಿಂದ ಯಾರೋ ಪಾಪ ಒದರಾಕ್ಹತ್ಯಾರ."

ರೋಜಾ ಹಿಡಿದ ಪೆಟ್ಟಿಗೆ

ಹಾಗೆ ಫೋನು ಮಾಡಿದವರು ನಮ್ಮ ಓಣಿಯ ಗ್ಯಾರೇಜಿನ ಚಾಚಾ. ಹಾರ್ಮೋನಿಯಂ ಎಲ್ಲೋ ಗಾಳಿ ಬಿಡುತ್ತಿದೆ ಎಂದು ರಿಪೇರಿಗೆ ಅವರ ಕೈಗೆ ಕೊಟ್ಟಿದ್ದೆ. ಆಗ ನಮ್ಮ ಶ್ರಮಕಾಲ, ಅವರ ರಮ್ಜಾನ್, ಎರಡೂ ಒಟ್ಟಿಗೇ ನಡೆದಿದ್ದವು. ಗಾಬರಿಯಲ್ಲಿ ಬಸ್ಸಿಳಿದವನೇ ಗ್ಯಾರೇಜಿಗೆ ಓಡಿದೆ.

"ತೂತು ಮುಚ್ಚೀನ್ರಿ," ಎಂದರು ಚಾಚಾ. "ಆದ್ರ ಒಂದ ಸ್ವರ ಹೊರಗ ಬರವಲ್ದು. ನಂದೂ ರೋಜಾ, ನಿಮ್ದೂ ಉಪಾಸ. ನಮ್ಮಿಬ್ಬರನ್ನ ನೋಡಿ ಪೆಟ್ಟಿಗಿನೂ ಹಿಡದೈತಿ, ಬಾಯಿ ಬಿಡವಲ್ದು. ಹಬ್ಬಕ್ಕ ಬಿಡತೈತಿ ತಗೋರಿ."

"ಯಾರ ಹಬ್ಬಕ್ಕ ಚಾಚಾ, ನಿಮ್ದಕ್ಕೋ ನಮ್ದಕ್ಕೋ?"

"ಪೆಟ್ಟಿಗಿ ನಿಮ್ದ ಅಲ್ಲೇನ್ರಿ."

ರಮ್ಜಾನ್ ಹಬ್ಬದ ದಿನ ಶೀರ್‌ಖುರ್ಮಾದ ಜೊತೆಗೆ ಪೆಟ್ಟಿಗೆಯೂ ಮನೆಗೆ ಬಂತು. ಮುಟ್ಟಿ ನೋಡಿದರೆ ಎಲ್ಲ ಸ್ವರಗಳೂ ಸರಿಯಾಗಿದ್ದವು. ನಮ್ಮ ಪೆಟ್ಟಿಗೆ ಅವರ ಹಬ್ಬಕ್ಕೇ ಬಾಯಿ ಬಿಟ್ಟಿತ್ತು.

ಈಸ್ಟರ್

ಅಷ್ಟರಲ್ಲಿ ಅಯ್ಯನವರು ಅಜ್ಜಿಯ ಮನೆಗೇ ಹೋಗಿ ಕೂತು ಮಾತು ತೆಗೆದುಕೊಂಡಿದ್ದರು. ಇನ್ನು ಅಜ್ಜಿ ಕಣ್ಣು ತೆರೆದು ಹಾಡುತ್ತಾರೆ, ನನ್ನ ತಲೆ ನೋಡಿ ಬಾಯಿ ಮುಚ್ಚುತ್ತಾರೆ.

ಬಿಷಪ್ಪರು ಬಂದರು. ಚರ್ಚು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಹಳಿಯಾಳದ ಕೀಬೋರ್ಡಿನವರೂ ಕೂತಿದ್ದರು, ಸುಮ್ಮನೆ ನೋಡಲು ಬಂದವರಂತೆ. ಅಪ್ಪನನ್ನು ನೆನೆದು ಹಾಡು ಎತ್ತಿದೆ. ಶ್ರುತಿ ಸರಿಯಾಗಿ ಕೂತಿತು, ಸಭೆ ಒಂದೇ ದನಿಯಲ್ಲಿ ಹಿಂದೆ ಬಂತು. ಕಾದು ಕಾದು ಕೂತಿದ್ದ ಆ ಮಾತು ಇನ್ನೇನು ಬರಬೇಕು, ಹಣೆಯ ಬೆವರು ಕಣ್ಣಿಗಿಳಿದು ಉರಿಯಿತು. ಭುಜಕ್ಕೆ ಒರೆಸಿಕೊಳ್ಳಲೆಂದು ತಲೆ ತಗ್ಗಿಸಿದೆ.

ಇಡೀ ಸಭೆ ಬಾಯಿ ಮುಚ್ಚಿತು.

ನಮ್ಮ ಉಪಾಯ ಗೊತ್ತಿಲ್ಲದ ಬಿಷಪ್ಪರು ಮಾತ್ರ ಎರಡೂ ಕೈ ಎತ್ತಿ ಒಬ್ಬರೇ "ಹಲ್ಲೆಲೂಯ" ಎಂದು ಹಾಡಿ, ಸುತ್ತ ನೋಡಿ ನಿಂತುಬಿಟ್ಟರು. ಅಯ್ಯನವರ ಮುಖ ಬಿಳುಚಿಕೊಂಡಿತು. ಪೆಟ್ಟಿಗೆ ಅಟ್ಟ ಸೇರಿತು ಎಂದುಕೊಂಡೆ.

ಅಜ್ಜಿ ಮೆಲ್ಲಗೆ ಎದ್ದು ನಿಂತರು. ಬಿಷಪ್ಪರತ್ತ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಇವತ್ತ ನಾ ಅಲ್ರೀ ಅಯ್ಯನವರ. ಇವರ ಅಂದ್ರು."

ಅಯ್ಯನವರು ತಡವರಿಸುತ್ತ ಬಿಷಪ್ಪರ ಕಿವಿಯಲ್ಲಿ ಕಥೆ ಹೇಳಿದರು. ಬಿಷಪ್ಪರು ನಕ್ಕ ನಗೆಗೆ ತಲೆಯ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಳ್ಳಬೇಕಾಯಿತು. ಆಮೇಲೆ ಅಜ್ಜಿಗೆ ಕೈ ಮುಗಿದು "ತಪ್ಪಾತ್ರೀ" ಎಂದರು. ನನ್ನತ್ತ ತಿರುಗಿದರು. ನಾನು ತಲೆ ತಗ್ಗಿಸಲೂ ಹೆದರಿ ನೆಟ್ಟಗೆ ಕೂತಿದ್ದೆ.

"ಪೆಟ್ಟಿಗಿಯವರ, ಇಷ್ಟು ಮಂದಿಗೆ ನುಂಗಿಸಿದವರು ನೀವ. ಕಕ್ಕಿಸೂದೂ ನಿಮ್ಮ ಕೆಲಸನ. ಬ್ಯಾರೆಯವರ ಕಡಿಂದ ಆಗಾಂಗಿಲ್ಲ. ಹೂಂ, ಎತ್ರಿ."